ಪೌಂಡ್ ಚಿಹ್ನೆಯೊಳಗಿನ ‘ನ’

ಕಳೆದ ವಾರ ಗೆಳೆಯರೊಬ್ಬರು ಪೆನ್‌ಡ್ರೈವ್ ಹಿಡಿದು ಮನೆಗೆ ಬಂದರು. ತೀರಿಕೊಂಡ ಅವರ ತಂದೆ ಟೈಪ್ ಮಾಡಿಸಿಟ್ಟಿದ್ದ ಊರಿನ ನೆನಪುಗಳು ಅದರಲ್ಲಿವೆಯಂತೆ. ಇದ್ದದ್ದು ಮೂರು ಫೈಲು. ಒಂದರ ಹೆಸರಿಗೆ ಬಾಲವೇ (ಎಕ್ಸ್‌ಟೆನ್ಶನ್) ಇಲ್ಲ. ಇನ್ನೊಂದರ ಬಾಲ ‘ಪಿ65’. ಮೂರನೆಯದು ವರ್ಡ್ ಫೈಲು, ತೆರೆದುಕೊಂಡಿತು ಕೂಡ. ಒಳಗೆ ಮಾತ್ರ ಬರೀ ಕಾಗೆ ಕಾಲು ಗುಬ್ಬಿ ಕಾಲು. ‘ವೈರಸ್ ಹೊಡೆದಿದೆ, ಅಳಿಸಿಬಿಡಿ’ ಎಂದು ಅಂಗಡಿಯವನೊಬ್ಬ ಹೇಳಿದ್ದನಂತೆ. ಪುಣ್ಯಕ್ಕೆ ಇವರು ಅಳಿಸಿರಲಿಲ್ಲ.

ಬಾಲವಿಲ್ಲದ್ದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಕಸದ ರಾಶಿಯ ಮೊದಲಲ್ಲೇ ‘ಪಿಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರ. 1989ರಲ್ಲಿ ಜಿಪ್ ಮಾದರಿಯನ್ನು ರೂಪಿಸಿದ ಫಿಲ್ ಕ್ಯಾಟ್ಜ್ ಬಿಟ್ಟುಹೋದ ರುಜು ಅದು. ಈಗಿನ ವರ್ಡ್ ಫೈಲೂ ಒಳಗೊಳಗೆ ಜಿಪ್ ಗಂಟೇ. ಹೆಸರಿನ ಕೊನೆಗೆ ‘ಡಾಕ್ಸ್’ ಬಾಲ ಅಂಟಿಸಿದ್ದೇ ತಡ, ತೆರೆದುಕೊಂಡಿತು. ಬಾಲ ಯಾರು ಬೇಕಾದರೂ ಅಂಟಿಸಬಹುದಾದ ಚೀಟಿ. ಒಳಗಿನ ಮೊದಲ ಕೆಲವು ಅಕ್ಷರಗಳೇ ಫೈಲಿನ ಜಾತಕ. 2000ದ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ‘ಐ ಲವ್ ಯು’ ವೈರಸ್ ಗೆದ್ದದ್ದೂ ಇಲ್ಲೇ. ವಿಂಡೋಸ್ ನಿಜವಾದ ಬಾಲವನ್ನು ಮರೆಮಾಡುತ್ತಿತ್ತು, ಜನ ಸಾದಾ ಪತ್ರವೆಂದು ಒತ್ತಿದರು. ಅದಕ್ಕೇ ವಾಟ್ಸ್ಆ್ಯಪ್‌ನಲ್ಲಿ ಬರುವ, ಆ್ಯಪ್ ಅಳವಡಿಸುವ ‘ಎಪಿಕೆ’ ಬಾಲದ ಮದುವೆ ಕರೆಯೋಲೆಗಳನ್ನು ನಾನು ಮುಟ್ಟುವುದಿಲ್ಲ, ನೆಂಟರು ಮುನಿಸಿಕೊಂಡರೂ ಸರಿ.

ಕಾಗೆ ಕಾಲಿನ ಫೈಲಿಗೆ ಬಂದರೆ, ಅದರ ತುಂಬ ಪೌಂಡ್ ಚಿಹ್ನೆಗಳು. ನನಗೆ ಹೋದ ಜೀವ ಬಂದಂತಾಯಿತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ‘ನುಡಿ’ ತಂತ್ರಾಂಶದಲ್ಲಿ ‘ಕನ್ನಡ’ ಎಂದು ಬರೆದು ಫಾಂಟ್ ತೆಗೆದುಬಿಡಿ: ಪೌಂಡ್ ಚಿಹ್ನೆಯೇ ‘ನ’, ಜರ್ಮನರ ವಿಶೇಷ ‘ಎಸ್’ ನ-ಒತ್ತು, ನೆತ್ತಿಯ ಮೇಲೆ ಓರೆ ಗೀರಿರುವ ‘ಎ’ ತಲೆಕಟ್ಟು. ಅಂದರೆ ಒಂದಕ್ಷರವೂ ಕೆಟ್ಟಿಲ್ಲ, ವೇಷ ಕಳಚಿದೆ ಅಷ್ಟೇ. ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ. ಪರಿವರ್ತಕಕ್ಕೆ ಕೊಟ್ಟರೆ ಯೂನಿಕೋಡಿನ ಸ್ವಂತ ಮನೆಗೆ ಬರುತ್ತದೆ. ಆದರೆ ಯಾವ ಫಾಂಟ್ ಎಂಬುದು ಗೊತ್ತಿರಬೇಕು. ‘ಶ್ರೀಲಿಪಿ’ ಎಂಬ ಇನ್ನೊಂದು ತಂತ್ರಾಂಶದ ಜೋಡಣೆಯೇ ಬೇರೆ. ಅದನ್ನು ನುಡಿಯೆಂದು ಭಾವಿಸಿ ಪರಿವರ್ತಿಸಿದರೆ ಇನ್ನೊಂದು ಬಗೆಯ ಕಸ ಸಿಗುತ್ತದೆ.

‘ಪಿ65’ ಪೇಜ್‌ಮೇಕರ್ 6.5ರದು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಉಚಿತವಾದ ಲಿಬ್ರೆ ಆಫೀಸ್ ಅದನ್ನು ತೆರೆಯಿತು. ಪುಟವಿನ್ಯಾಸ ಕದಡಿತ್ತು, ಪಠ್ಯ ಸಿಕ್ಕಿತು, ಮತ್ತದೇ ಪೌಂಡುಗಳು! ಎಷ್ಟೋ ಕನ್ನಡ ಪುಸ್ತಕಗಳು ಹೀಗೆಯೇ ಪ್ರಕಾಶಕರ ಹಳೆಯ ಸೀಡಿಗಳಲ್ಲಿ ಕೂತಿವೆ. ಯಾವ ಫಾಂಟ್ ಬಳಸಿದೆವೆಂದು ಬಲ್ಲ ಡಿಟಿಪಿಯವರು ಇನ್ನೂ ನಮ್ಮ ನಡುವೆ ಇದ್ದಾರೆ. ಮರುಮುದ್ರಣಕ್ಕೆ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿಸುವ ಬದಲು ಅವರಿಗೊಂದು ಫೋನ್ ಮಾಡಬಾರದೇ?

ಪರಿವರ್ತಕವೂ ಎಡವುತ್ತದೆ, ಅದರಲ್ಲೂ ಅರ್ಕಾವತ್ತಿನಲ್ಲಿ. ತಂದೆಯವರ ‘ತೀರ್ಥಹಳ್ಳಿ’ ಪುಟಪುಟದಲ್ಲೂ ‘ತೀಥರ್ಹಳ್ಳಿ’ ಆಗಿತ್ತು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಬಹುದು ಎಂದೆ. ‘ಬೇಡ, ಓದ್ತಾ ಓದ್ತಾ ತಿದ್ದುತ್ತೇನೆ’ ಎಂದು ಗೆಳೆಯರು ಕುರ್ಚಿ ಎಳೆದುಕೊಂಡರು.