ದಂಡೆಯ ಡೇರೆ: ಯಜಮಾನಿಕೆ ರೈತನ ಕೈಯಲ್ಲಿರಲಿ

ಸುಗ್ಗಿ ಮುಗಿದು ಗದ್ದೆ ಬರಿದಾಗುವ ಹೊತ್ತಿಗೆ ನಮ್ಮ ಹೊಳೆ, ಹಿನ್ನೀರುಗಳ ದಂಡೆಯಲ್ಲಿ ಈಗ ಬಣ್ಣಬಣ್ಣದ ಡೇರೆಗಳು ಏಳುತ್ತಿವೆ. ಶನಿವಾರ ಸಂಜೆ ಪೇಟೆಯಿಂದ ಬಂದವರು ನೀರಿನ ಅಂಚಿನಲ್ಲಿ ಟೆಂಟು ಹಾಕಿ, ತೆಪ್ಪದಲ್ಲೋ ಪುಟ್ಟ ದೋಣಿಯಲ್ಲೋ ಒಂದು ಸುತ್ತು ಹೋಗಿ, ಭಾನುವಾರ ಹಿಂದಿರುಗುತ್ತಾರೆ. ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡು, ಕಾಳಿ ನದಿಯ ಗಣೇಶಗುಡಿ, ಕಾವೇರಿಯ ಭೀಮೇಶ್ವರಿಗಳಲ್ಲಿ ಇದು ಬಹುಕಾಲದಿಂದ ಇದ್ದದ್ದೇ. ಈಗ ಸಾಮಾನ್ಯ ರೈತನ ಬದುವಿನವರೆಗೂ ಬಂದಿದೆ.

ಇದನ್ನು ಬೇಡವೆನ್ನುವವನಲ್ಲ ನಾನು. ಜನವರಿಯಿಂದ ಮೇವರೆಗೆ ಖಾಲಿ ಬೀಳುವ ಗದ್ದೆಯಿಂದ ನಾಲ್ಕು ಕಾಸು ಬಂದರೆ ಯಾರಿಗೆ ಬೇಡ? ಆದರೆ ಹೊರಗಿನ ಗುತ್ತಿಗೆದಾರರು ವರ್ಷಕ್ಕಿಷ್ಟೆಂದು ಮಾತಾಡಿ, ಜಮೀನನ್ನು ಪೂರ್ತಿ ತಮ್ಮ ವಶಕ್ಕೆ ಪಡೆದು ಶಿಬಿರ ನಡೆಸುವ ಪದ್ಧತಿ ಬೆಳೆಯುತ್ತಿದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಗದ್ದೆ ತೋಟ ಬಿಟ್ಟುಕೊಟ್ಟ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಎಷ್ಟೋ ಮಂದಿ ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅಂಥವರು ಅದೇ ನೀರಿನ ದಂಡೆಯಲ್ಲಿ ಮತ್ತೊಬ್ಬರ ಶಿಬಿರದ ಪಾತ್ರೆ ತೊಳೆಯುವ ಕೂಲಿಗಳಾಗಬೇಕೆ?

ಕಾನೂನಿನ ತೊಡಕೂ ಇದೆ. ಕೃಷಿ ಜಮೀನನ್ನು ಗೇಣಿಗೆ ಕೊಡಲು ಭೂಸುಧಾರಣಾ ಕಾಯಿದೆಯ ನಿರ್ಬಂಧವುಂಟು. ಬೇಸಾಯವಲ್ಲದ ಉಪಯೋಗಕ್ಕೆ 1964ರ ಭೂಕಂದಾಯ ಕಾಯಿದೆಯಂತೆ ಅನುಮತಿ ಬೇಕು. ನೀರು ಇಳಿದಾಗ ತೇಲುವ ನೆಲವಂತೂ ನಿಮ್ಮದಲ್ಲ, ಜಲಾಶಯದ್ದು. ಕಾಗದಕ್ಕೆ ರುಜು ಹಾಕುವ ಮುನ್ನ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಇದಕ್ಕಿಂತ ದೊಡ್ಡ ಮಾತು ನೀರಿನದು. ದಂಡೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಗೊತ್ತಿರುವುದು ಹೊರಗಿನಿಂದ ಬಂದ ಮ್ಯಾನೇಜರನಿಗೆ ಗೊತ್ತಿರುವುದಿಲ್ಲ. ಅಣೆಕಟ್ಟೆಯ ಕೆಳಗಿನ ಹೊಳೆ ಮಳೆಯಿಲ್ಲದೆಯೂ ಏರುತ್ತದೆ. ಗಣೇಶಗುಡಿಯಲ್ಲಿ ಸೂಪಾ ವಿದ್ಯುದಾಗಾರ ನಡೆದರೆ ಕಾಳಿ ತುಂಬುತ್ತದೆ, ನಿಂತರೆ ಬಂಡೆ ಕಾಣುತ್ತದೆ. ಬೆಳಿಗ್ಗೆ ಮರಳ ದಿಬ್ಬದಲ್ಲಿ ಹಾಕಿದ ಡೇರೆ ಮಧ್ಯಾಹ್ನ ನಡುಗಡ್ಡೆಯಾದೀತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಹೊರೆ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಗಿ ಬಂತು. ಅಂಥ ರಾತ್ರಿ ನದಿಯ ಪಾತ್ರದಲ್ಲಿ ಮಲಗಿದವರನ್ನು ಎಬ್ಬಿಸುವವರು ಯಾರು? ಡೇರೆ ಯಾವಾಗಲೂ ಹಳೆಯ ನೆರೆಯ ಗುರುತಿಗಿಂತ ಮೇಲಿರಬೇಕು. ಆ ಗುರುತು ನಿಮ್ಮೂರಿನ ಹಿರಿಯರಿಗೆ ಗೊತ್ತು.

ಹಿನ್ನೀರಿನ ಸ್ವಭಾವವೇ ಬೇರೆ. ಅಲ್ಲಿ ಹರಿವಿಲ್ಲ, ಆದ್ದರಿಂದ ನೋಡಿದವರು ಮೋಸಹೋಗುತ್ತಾರೆ. ಬೇಸಿಗೆಯಲ್ಲಿ ನೀರು ದೂರ ಸರಿದಂತೆ ಮೊಣಕಾಲುದ್ದ ಕೆಸರು ಉಳಿಯುತ್ತದೆ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದ ಕಾಡಿನ ಬೊಡ್ಡೆಗಳು ನೀರಿನಡಿ ನಿಂತೇ ಇವೆ, ದೋಣಿಯ ತಳಕ್ಕೆ ತಾಗಿದರೆ ಸಾಕು. ಮಧ್ಯಾಹ್ನದ ಮೇಲೆ ಬಯಲು ನೀರಿನಲ್ಲಿ ಗಾಳಿ ಎದ್ದರೆ ತೆಪ್ಪ ಹುಟ್ಟಿನ ಮಾತು ಕೇಳುವುದಿಲ್ಲ. ಅದರ ತಳ ಚಪ್ಪಟೆ, ನಿಂತ ನೀರಿನಲ್ಲಿ ಭದ್ರ. ಆದರೆ ಫೋಟೋ ತೆಗೆಯಲು ನಾಲ್ವರು ಒಂದೇ ಅಂಚಿಗೆ ಬಂದರೋ, ಮಗುಚಿತೆಂದೇ ತಿಳಿಯಿರಿ.

ಆದ್ದರಿಂದ ಲೈಫ್ ಜಾಕೆಟ್ ಇಲ್ಲದೆ, ಅಂಬಿಗನೇ ಆಗಲಿ ಅತಿಥಿಯೇ ಆಗಲಿ, ಯಾರೂ ದೋಣಿ ಹತ್ತಕೂಡದು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದು ಹಾಕಿದರೆ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ಕುಡಿದವರಿಗೆ ದೋಣಿಯಿಲ್ಲ, ಕತ್ತಲಾದ ಮೇಲೆ ಯಾರಿಗೂ ಇಲ್ಲ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು, ಅರವತ್ತು ಎಪ್ಪತ್ತಡಿ ಹಗ್ಗ ಕಟ್ಟಿ ದಂಡೆಯಲ್ಲಿಡಿ. ಮುಳುಗುವವನತ್ತ ಎಸೆಯಲು ಇಷ್ಟು ಅಗ್ಗದ ಸಾಧನ ಬೇರೆಯಿಲ್ಲ. ಈಜು ಬಲ್ಲೆವೆಂದು ಹಿಂದೆಯೇ ಹಾರಿದವರು ಜೊತೆಗೇ ಮುಳುಗಿದ ಸುದ್ದಿ ಇದೇ ಪತ್ರಿಕೆಯಲ್ಲಿ ಪ್ರತಿ ಬೇಸಿಗೆಯೂ ಓದುತ್ತೀರಿ.

ಇನ್ನು ನೆಲದ ಮಾತು. ಕಾರುಗಳನ್ನು ಗದ್ದೆಗೆ ಇಳಿಸಗೊಡಬೇಡಿ. ಹಸಿ ಆರದ ಮಣ್ಣು ಚಕ್ರದಡಿ ಗಟ್ಟಿಯಾದರೆ ಮುಂಗಾರಿನ ಉಳುಮೆಯಲ್ಲಿ ನೇಗಿಲು ಹೇಳುತ್ತದೆ, ನಾನು ಹೇಳಬೇಕಾಗಿಲ್ಲ. ಒಡೆದ ಬಾಟಲಿಯ ಚೂರು ಅದಕ್ಕಿಂತ ಕೇಡು. ಜೂನ್–ಜುಲೈಯಲ್ಲಿ ಕೆಸರಿನೊಳಗೆ ಬರಿಗಾಲಲ್ಲಿ ನಾಟಿ ಮಾಡುವ ಹೆಂಗಸರ ಪಾದಕ್ಕೆ, ಎತ್ತಿನ ಗೊರಸಿನ ಸಂದಿಗೆ ಅದು ಸಿಗುತ್ತದೆ. ಶನಿವಾರದ ಬಾಡಿಗೆ ಆಸ್ಪತ್ರೆಯ ಖರ್ಚಿಗೂ ಸಾಲದು. ಗಾಜು ಒಳಗೆ ಬರಕೂಡದೆಂಬ ಕಟ್ಟು ಮೊದಲ ದಿನವೇ ಆಗಲಿ. ಕಕ್ಕಸಿನ ಗುಂಡಿ ನೀರಿನಿಂದ ಇನ್ನೂರು ಅಡಿಯಾದರೂ ದೂರವಿರಲಿ. ಅದೇ ನೀರನ್ನು ನಿಮ್ಮ ದನಗಳೂ ಕುಡಿಯುತ್ತವೆ.

ಮಲೆನಾಡಿನವರು ಇನ್ನೊಂದು ಸಂಗತಿ ಗಮನಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಕಾಲವೂ ಡೇರೆಯ ಕಾಲವೂ ಒಂದೇ, ಡಿಸೆಂಬರಿನಿಂದ ಮೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನೇ ತೆಗೆದುಕೊಂಡಿತು. ಕಾಡಂಚಿನ ತರಗೆಲೆಯ ಮೇಲೆ ಡೇರೆ ಹಾಕಿಸಬೇಡಿ, ಉಣುಗು ಅಲ್ಲಿಯೇ ಇರುವುದು. ಸತ್ತ ಮಂಗ ಕಂಡರೆ ಅಂದೇ ಆರೋಗ್ಯ ಇಲಾಖೆಗೆ ತಿಳಿಸಿ, ಆ ವಾರದ ಅತಿಥಿಗಳನ್ನು ಬರಬೇಡಿರೆನ್ನಿ.

ಇಷ್ಟನ್ನೂ ಒಬ್ಬ ರೈತ ನಿಭಾಯಿಸುವುದು ಕಷ್ಟ, ನಿಜ. ದಂಡೆಯ ಐದಾರು ಮನೆಯವರು ಕೂಡಿ ನಡೆಸಿದರೆ ಒಬ್ಬರು ಊಟ, ಒಬ್ಬರು ದೋಣಿ, ಒಬ್ಬರು ರಾತ್ರಿಯ ಕಾವಲು ನೋಡಿಕೊಳ್ಳಬಹುದು. ಅಕ್ಕಿ, ಬೆಲ್ಲ, ಜೇನು ಅಲ್ಲಿಯೇ ಮಾರಾಟವಾಗುತ್ತದೆ. ದೋಣಿ ಬಿಡುವುದೋ ಬೇಡವೋ ಎಂಬ ತೀರ್ಮಾನ ಮಾತ್ರ ಊರಿನ ಅಂಬಿಗನದೇ ಆಗಿರಲಿ. ಅತಿಥಿ ಎಷ್ಟೇ ಹಣ ಕೊಟ್ಟಿರಲಿ, ಅವನು ಗಾಳಿ ಸರಿಯಿಲ್ಲವೆಂದರೆ ಆ ದಿನ ದೋಣಿ ಗೂಟಕ್ಕೇ ಕಟ್ಟಿರಬೇಕು, ಅವನ ಕೂಲಿಯೂ ಕಡಿತವಾಗಕೂಡದು.