ಏಳನೇ ಕ್ಲಾಸಿಗೆ ಓಟು, ಡಿಗ್ರಿಗೆ ಬೀಗ

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಏಳನೇ ಕ್ಲಾಸಿನ ಹುಡುಗಿ ನಾಮಪತ್ರ ಹಾಕುತ್ತಾಳೆ. ಮೇಷ್ಟರ ಮೊಬೈಲೇ ಮತಯಂತ್ರ. ಮಕ್ಕಳ ಗ್ರಾಮಸಭೆಯಲ್ಲಿ ಅದೇ ಹುಡುಗಿ ಎದ್ದು ನಿಂತು, ‘ಶೌಚಾಲಯಕ್ಕೆ ನೀರು ಯಾವಾಗ ಬರುತ್ತೆ ಸಾರ್?’ ಎಂದು ಪಿಡಿಒ ಅವರನ್ನೇ ಕೇಳುತ್ತಾಳೆ.

ಅವಳಿಗೆ ಹತ್ತೊಂಬತ್ತಾಗಲಿ. ಮಾಲೂರಿನಲ್ಲೋ ಬಂಗಾರಪೇಟೆಯಲ್ಲೋ ಬೆಳಗಿನ ರೈಲು ಹತ್ತಿ, ಕೆ.ಆರ್. ಪುರದಲ್ಲೋ ಕಂಟೋನ್ಮೆಂಟಿನಲ್ಲೋ ಇಳಿದು ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಓಟಿಲ್ಲ.

ಆ ಕಡೆಯ ಒಂದು ಕಾಲೇಜಿನಲ್ಲೇ ನಾನೂ ಓದಿದ್ದು. ನಮ್ಮ ಕ್ಲಾಸಿನ ಸಿ.ಆರ್. ಯಾರೆಂದು ತೀರ್ಮಾನವಾಗುತ್ತಿದ್ದುದು ಪ್ರಿನ್ಸಿಪಾಲರ ಕೊಠಡಿಯಲ್ಲಿ. ಅತಿಥಿಗಳಿಗೆ ಹಾರ ತರುವುದು, ಫೀಸಿನ ನೋಟಿಸನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು, ಇಷ್ಟೇ ಅವನ ನಾಯಕತ್ವ. ರೈಲು ತಡವಾಗಿ ನಮ್ಮ ಹಾಜರಿ ಹೋದಾಗ ಅವನು ಬಾಯಿ ಬಿಡಲಿಲ್ಲ. ಯಾಕೆ ಬಿಡಬೇಕು? ಅವನನ್ನು ಆರಿಸಿದ್ದು ನಾವಲ್ಲವಲ್ಲ.

1989ರ ಮಾರ್ಚ್‌ನಲ್ಲಿ ದೇಶ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. 1989–90ರಿಂದಲೇ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ದೆಹಲಿ ಕೊಟ್ಟ ಓಟಿಗೆ ಬೆಂಗಳೂರು ಬೀಗ ಹಾಕಿತು.

‘ಗಲಾಟೆ ಆಗುತ್ತೆ, ಜಾತಿ ಬರುತ್ತೆ, ದುಡ್ಡು ಹರಿಯುತ್ತೆ’ ಎನ್ನುತ್ತಾರೆ. ಹಿಂದೆ ಹೊಡೆದಾಟ ನಡೆದದ್ದು ಸುಳ್ಳಲ್ಲ. ಆದರೆ ಪಂಚಾಯ್ತಿ ಚುನಾವಣೆಯಲ್ಲಿ ಇದೆಲ್ಲ ಇಲ್ಲವೇ? ಹಾಗಂತ ಪಂಚಾಯ್ತಿ ಮುಚ್ಚಿದೆವೇ?

ಈ ಭಯಕ್ಕೆ ಮದ್ದೂ ಇದೆ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಲಿಂಗ್ಡೊ ಅವರ ಸಮಿತಿಯ ಶಿಫಾರಸುಗಳನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು. ಒಬ್ಬ ಅಭ್ಯರ್ಥಿಗೆ 5,000 ರೂಪಾಯಿಯ ಮಿತಿ. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ. 75% ಹಾಜರಿ ಬೇಕು. ಹತ್ತು ದಿನದೊಳಗೆ ಎಲ್ಲ ಮುಗಿಯಬೇಕು. ಈಗ ನಾಮನಿರ್ದೇಶನ ಇರುವ ಕಡೆಯೂ ಐದು ವರ್ಷದಲ್ಲಿ ಚುನಾವಣೆಗೆ ಬರಬೇಕು ಎಂದಿತ್ತು ಸಮಿತಿ. ನಮ್ಮಲ್ಲಿ ಮೂವತ್ತೈದು ವರ್ಷ ದಾಟಿದೆ.

ಕಾಲೇಜಿನಾಚೆ ನೋಡಿ ಕಲಿಯಲಿ ಎಂದರೆ ಅದೂ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಶಿವಾಜಿನಗರದ ಹಾಸ್ಟೆಲ್ಲಿನಲ್ಲೋ ಕೆ.ಆರ್. ಪುರದ ಪಿ.ಜಿ.ಯಲ್ಲೋ ಇದ್ದು ಡಿಗ್ರಿ ಮುಗಿಸಿದ ಹುಡುಗರು ಅಷ್ಟೂ ದಿನ ಒಬ್ಬ ಕಾರ್ಪೊರೇಟರ್‌ನ ಮುಖವನ್ನೂ ಕಾಣಲಿಲ್ಲ.

ಸಂವಿಧಾನದ ಪಾಠ ಓದಿಸಿ ಅಂಕ ಕೊಡುತ್ತಾರೆ. ಈಜು ಕಲಿಸಲು ಕರಿಹಲಗೆ ಸಾಕೇ? ಕೆರೆಗೆ ಇಳಿಸಬೇಕು. ಸೋಲುವುದು, ಲೆಕ್ಕ ಕೊಡುವುದು, ಎದುರಾಳಿಯ ಮಾತು ಕೇಳುವುದು, ಇವೆಲ್ಲ ಬರುವುದು ಚುನಾವಣೆಗೆ ನಿಂತಾಗಲೇ. ಬೀಗ ತೆಗೆಯದಿದ್ದರೆ ಈ ಪಾಠ ಮನೆಯಲ್ಲೇ ರಾಜಕೀಯ ಇರುವವರ ಮಕ್ಕಳಿಗೆ ಮಾತ್ರ ಸಿಗುತ್ತದೆ. ನಮ್ಮ ಮಕ್ಕಳು ಬಾವುಟ ಹಿಡಿದು ಅವರ ಹಿಂದೆ ನಡೆಯುತ್ತಾರೆ.

ಮುಂದಿನ ಸಲ ಕಾಲೇಜಿನವರು ಪೋಷಕರ ಸಭೆಗೆ ಕರೆದರೆ ಅಂಕಪಟ್ಟಿ ನೋಡಿಕೊಂಡು ಸುಮ್ಮನೆ ಬರಬೇಡಿ. ಒಂದೇ ಒಂದು ಮಾತು ಕೇಳಿ: ‘ಈ ಕ್ಲಾಸಿನ ಸಿ.ಆರ್. ಅನ್ನು ಆರಿಸಿದ್ದು ಯಾರು ಸಾರ್?’