ಭೇಟಿಗೊಂದು ಶಾಸನವಿರಲಿ

ಕ್ರಿ.ಶ. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಪ್ರತಿಷ್ಠೆ ಮುಗಿದಾಗ ಹೊಯ್ಸಳ ದೊರೆ ವಿಷ್ಣುವರ್ಧನ ಊರಿನಲ್ಲಿರಲಿಲ್ಲ, ದೂರದ ಬಂಕಾಪುರದಲ್ಲಿದ್ದ. ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ ಬಸದಿಯದು. ಅರ್ಚಕರೇ ಸೇಸೆ (ಪ್ರಸಾದ) ಹಿಡಿದು ದೊರೆಯಿದ್ದಲ್ಲಿಗೆ ಹೋದರು. ಯುದ್ಧ ಗೆದ್ದು, ಮಗ ಹುಟ್ಟಿದ ಸುದ್ದಿಯನ್ನೂ ಕೇಳಿದ್ದ ಅರಸ ಎದ್ದು ಕೈಮುಗಿದು ಸೇಸೆ ಪಡೆದ. ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟ. ಪೂಜೆಯ ವೆಚ್ಚಕ್ಕೆ ಈಗ ಅರಸೀಕೆರೆ ತಾಲ್ಲೂಕಿನಲ್ಲಿರುವ ಜಾವಗಲ್ಲನ್ನು ದತ್ತಿ ಬಿಟ್ಟ. ಹಳೇಬೀಡಿನ ಶಾಸನ ಇಷ್ಟನ್ನೂ ಹೇಳುತ್ತದೆ. ದೊರೆ ಬರಲಿಲ್ಲ, ದತ್ತಿ ಬಂತು. ಈಗ ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದವು. ಇಂಥ ಊರಿಗೆ ಗಣ್ಯರು ಬರುತ್ತಾರೆ, ಹಾರ ಬೀಳುತ್ತದೆ, ಭರವಸೆಯ ಮಾತು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಮಾತಿಗೆ ಊರಿನ ಕೈಯಲ್ಲಿ ಒಂದು ದಾಖಲೆಯೂ ಉಳಿಯುವುದಿಲ್ಲ.

ಹಳೆಯ ದತ್ತಿಶಾಸನವನ್ನೂ ಇಂದಿನ ಶಂಕುಸ್ಥಾಪನೆ ಫಲಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಶಾಸನದ ಮೊದಲ ಭಾಗ ಅರಸನ ಹೊಗಳಿಕೆ, ನಿಜ. ಅದು ಮುಗಿದ ಮೇಲೆ ಲೆಕ್ಕ ಶುರುವಾಗುತ್ತದೆ. ಯಾವ ಊರು, ಎಷ್ಟು ಗದ್ದೆ, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಯಾವ ತೆರಿಗೆ, ನಂದಾದೀವಿಗೆಗೆ ಎಷ್ಟು, ಆಹಾರದಾನಕ್ಕೆ ಎಷ್ಟು, ಯಾರ ವಶಕ್ಕೆ ಒಪ್ಪಿಸಿದ್ದು. ಇದರ ನಡುವೆ ಮತ್ತೆ ಮತ್ತೆ ಸಿಗುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’, ಅಂದರೆ ಒಡೆದದ್ದು, ಬಿರುಕು ಬಿಟ್ಟದ್ದರ ದುರಸ್ತಿ. ಗುಡಿ ಹೊಸದಾಗಿರುವಾಗಲೇ ಅದು ಹಳತಾಗುವ ದಿನಕ್ಕೆ ಹಣ ಎತ್ತಿಡುತ್ತಿದ್ದರು. ಇಂದಿನ ಫಲಕದಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಗೌರವ ಉಪಸ್ಥಿತಿ ಎಂದು ಹೆಸರುಗಳ ಸಾಲೇ ಸಾಲು. ಕಾಮಗಾರಿ ಯಾವಾಗ ಮುಗಿಯಬೇಕು, ಆಮೇಲೆ ನಿರ್ವಹಣೆ ಯಾರದು ಎಂಬ ಸಾಲು ಮಾತ್ರ ಕಾಣದು. ಹೊಗಳಿಕೆಯನ್ನು ಉಳಿಸಿಕೊಂಡು ಲೆಕ್ಕವನ್ನು ಕೈಬಿಟ್ಟಿದ್ದೇವೆ.

ಇದು ರಾಜರ ಕಾಲಕ್ಕೆ ಹಂಬಲಿಸುವ ಮಾತಲ್ಲವೇ ಎಂದು ಕೇಳಬಹುದು. ದತ್ತಿ ಬಿಟ್ಟ ಊರಿನ ಹುಟ್ಟುವಳಿ ರೈತನ ಬೆವರಿನದು, ಅರಸನ ಜೇಬಿನದಲ್ಲ ಎಂಬ ಆಕ್ಷೇಪವೂ ಸರಿಯೇ. ಆದರೆ ಇಂದಿನ ಅನುದಾನವೂ ತೆರಿಗೆದಾರರ ಹಣವೇ. ಕೊಡುವವರ ಕೈ ಯಾವುದೇ ಇರಲಿ, ಹಣ ಜನರದ್ದಾದಾಗ ಬರವಣಿಗೆ ಇನ್ನಷ್ಟು ಬಿಗಿಯಾಗಿರಬೇಕು. ಅಲ್ಲದೆ ಹೊಯ್ಸಳರ ಕಟ್ಟಡಗಳೆಲ್ಲ ದೊರೆಯೊಬ್ಬನ ಕೆಲಸವಲ್ಲ. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಪಕ್ಕದ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆಯದಾಗಿತ್ತು. ಹಳೇಬೀಡಿನ ಹೊಯ್ಸಳೇಶ್ವರ ಅಧಿಕಾರಿ ಕೇತಮಲ್ಲನ ನಿರ್ಮಾಣವೆಂದು 1121ರ ಶಾಸನ ಹೇಳುತ್ತದೆ. ಅರಸೀಕೆರೆಯ ಸಹಸ್ರಕೂಟ ಜಿನಾಲಯ 1220ರಲ್ಲಿ ಇಮ್ಮಡಿ ಬಲ್ಲಾಳನ ಆಶ್ರಯದಲ್ಲಿದ್ದ ರೇಚರಸನದು. ಹೊಯ್ಸಳರು ಅಳಿದ ಮೇಲೂ, 1397ರಲ್ಲಿ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ ಬೇಲೂರಿನ ಗೋಪುರವನ್ನು ಮತ್ತೆ ಎತ್ತಿಸಿದ. ಅರಸೊತ್ತಿಗೆ ಬದಲಾದರೂ ಹೊಣೆ ಮುಂದುವರಿಯಿತು.

ಬಜೆಟ್ ಇದೆ, ಸರ್ಕಾರಿ ಆದೇಶವಿದೆ, ಮಾಹಿತಿ ಹಕ್ಕಿದೆ, ಮತ್ತೆ ಕಲ್ಲೇಕೆ ಎಂದೂ ಕೇಳಬಹುದು. ಆ ಕಾಗದವೆಲ್ಲ ಕಚೇರಿಯ ಕಡತದಲ್ಲೋ ಜಾಲತಾಣದಲ್ಲೋ ಇರುತ್ತದೆ, ಹುಡುಕಿ ಹೋದವರಿಗಷ್ಟೇ ಸಿಗುತ್ತದೆ. ಶಾಸನ ಗುಡಿಯ ಅಂಗಳದಲ್ಲೇ ನಿಲ್ಲುತ್ತಿತ್ತು. ಅಂದು ಓದಬಲ್ಲವರು ಕೆಲವರೇ, ಇಂದು ಶಾಲೆಯ ಮಗುವೂ ಓದುತ್ತದೆ. ದತ್ತಿಯನ್ನು ಕೆಡಿಸಿದವರಿಗೆ ಶಾಸನದ ಕೊನೆಯಲ್ಲಿ ಶಾಪವಿರುತ್ತಿತ್ತು. ಶಾಪ ನಮಗೆ ಬೇಡ, ಗಡುವು ಸಾಕು.

ಆದ್ದರಿಂದ ಬೇಲೂರು, ಹಳೇಬೀಡು, ಅರಸೀಕೆರೆ ಈ ಮೂರು ಊರುಗಳಿಗೆ ಅಧಿಕೃತವಾಗಿ ಬಂದು ಮಾತು ಕೊಡುವ ಯಾರೇ ಆಗಲಿ, ಆ ಮಾತನ್ನು ಐದು ಸಾಲಿನಲ್ಲಿ ಬರೆಸಲಿ: ಕೆಲಸ ಏನು, ಹಣ ಎಷ್ಟು, ಯಾವ ಲೆಕ್ಕದಿಂದ, ಯಾವಾಗಿನೊಳಗೆ, ದುರಸ್ತಿ ಯಾರದು. ವರ್ಷಕ್ಕೊಮ್ಮೆ ಗ್ರಾಮಸಭೆ, ವಾರ್ಡ್ ಸಭೆಗಳಲ್ಲಿ ಅದನ್ನು ಓದಿಸಲಿ. ಹೆಸರು ಕೆತ್ತಿಸುವ ಆಸೆಯಿದ್ದರೆ ಆರನೆಯ ಸಾಲಿನಲ್ಲಿ ಕೆತ್ತಿಸಿಕೊಳ್ಳಲಿ. ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂತೆಂದು ಜನ ಹೇಳುತ್ತಾರೆ. ಊರಿನ ಹೆಸರಲ್ಲಿ ಅವಳ ಹೆಸರಿಲ್ಲ, ಕೆರೆ ಇದೆ.